ಬೆಳಕಿನ ಕಿರು ತಿರುವಿನಿಂದ ತೆಳುಪೊರೆಯ ಕಾಂತತ್ವ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ನಮ್ಮ ಪ್ರಯೋಗಾಲಯಕ್ಕೆ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಕಾಲೇಜುಗಳಿಂದ ಎಂ.ಎಸ್ಸಿ. ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಬರುತ್ತಾರೆ. ಕೆಂಪು ಲೇಸರ್ ಕಿರಣವೊಂದು ಲೋಹದ ತೆಳುಪೊರೆಯನ್ನು ಹೊತ್ತ, ಉಗುರಿನಷ್ಟು ಅಗಲದ ಹೊಳೆಯುವ ಚೂರಿಗೆ ಬಡಿದು ಮರಳುವುದನ್ನೂ, ಪಕ್ಕದ ಕಂಪ್ಯೂಟರ್ ಪರದೆಯ ಮೇಲೆ ಕಾಂತತ್ವದ ಲೂಪ್ ಮೂಡುವುದನ್ನೂ ಕಂಡು ಅವರು ಕೇಳುವ ಪ್ರಶ್ನೆಗಳು ವರ್ಷ ವರ್ಷವೂ ಹೆಚ್ಚುಕಡಿಮೆ ಅವೇ ಆಗಿರುತ್ತವೆ. ಅವುಗಳಿಗೆ ಬಾಯಿಮಾತಿನಲ್ಲಿ ಕೊಡುತ್ತ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಬೆಳಕು ಬಡಿದು ಮರಳಿದರೆ ಲೋಹದ ಕಾಂತತ್ವ ಹೇಗೆ ತಿಳಿಯುತ್ತದೆ?

ಧ್ರುವೀಕೃತ ಬೆಳಕು, ಅಂದರೆ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕು, ಕಾಂತೀಕರಣಗೊಂಡ ಮೇಲ್ಮೈಗೆ ಬಡಿದು ಮರಳುವಾಗ ಅದರ ಕಂಪನದ ಸಮತಲ ಅತ್ಯಲ್ಪವಾಗಿ ತಿರುಗುತ್ತದೆ. ಕಾಂತೀಕರಣದ ದಿಕ್ಕನ್ನು ತಿರುವುಮುರುವು ಮಾಡಿದರೆ ಬೆಳಕಿನ ತಿರುವೂ ಎದುರು ದಿಕ್ಕಿಗೆ ಹೊರಳುತ್ತದೆ. ಆದ್ದರಿಂದ ಕಾಂತಕ್ಷೇತ್ರವನ್ನು ಏರಿಸುತ್ತ ಇಳಿಸುತ್ತ ಈ ತಿರುವನ್ನು ಅಳೆಯುತ್ತ ಹೋದರೆ, ಪೊರೆಯೊಳಗಿನ ಕಾಂತೀಕರಣ ಕ್ಷೇತ್ರದೊಂದಿಗೆ ಹೇಗೆ ಬದಲಾಗುತ್ತದೆ ಎಂಬ ಚಿತ್ರ ನಮಗೆ ಸಿಗುತ್ತದೆ. ಪರದೆಯ ಮೇಲೆ ಮೂಡುವ ಲೂಪ್ ಎಂದರೆ ಈ ಚಿತ್ರವೇ. ಇದನ್ನು ಕಾಂತ-ದೃಕ್ ಕೆರ್ ಪರಿಣಾಮ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲಿ ಇರುವ ಹೆಸರು ‘ಮೋಕ್’.

ಧ್ರುವೀಕೃತ ಬೆಳಕು ಎಂದರೇನು?

ಒಂದು ಹಗ್ಗದ ತುದಿಯನ್ನು ಗೋಡೆಗೆ ಕಟ್ಟಿ, ನಡುವೆ ಅದನ್ನು ಕಿಟಕಿಯ ನಿಲುವು ಸರಳುಗಳ ಸಂದಿಯಿಂದ ಹಾಯಿಸಿ ಅಲ್ಲಾಡಿಸಿ ನೋಡಿರಿ. ಮೇಲೆ ಕೆಳಗೆ ಆಡಿಸಿದರೆ ಅಲೆ ಸರಳುಗಳನ್ನು ದಾಟಿ ಹೋಗುತ್ತದೆ. ಅಡ್ಡಡ್ಡ ಆಡಿಸಿದರೆ ಅಲ್ಲಿಗೇ ನಿಲ್ಲುತ್ತದೆ. ಬೆಳಕಿನ ವಿಷಯದಲ್ಲಿ ಆ ಸರಳುಗಳ ಕೆಲಸವನ್ನು ಮಾಡುವುದು ಧ್ರುವಕ, ಅಂದರೆ ಪೋಲರೈಸರ್. ಕಿರಣದ ದಾರಿಯಲ್ಲಿ ಎರಡನೆಯ ಧ್ರುವಕವನ್ನು ಮೊದಲನೆಯದಕ್ಕೆ ಲಂಬವಾಗಿ ಇಟ್ಟರೆ ಬೆಳಕು ಹೆಚ್ಚುಕಡಿಮೆ ಪೂರ್ತಿ ಆರಿಹೋಗುತ್ತದೆ. ಈ ಎರಡನೆಯದಕ್ಕೆ ವಿಶ್ಲೇಷಕ ಎಂದು ಹೆಸರು. ನಮ್ಮ ಅಳತೆಯೆಲ್ಲ ನಡೆಯುವುದು ಬೆಳಕು ಹೀಗೆ ಆರಿಹೋಗುವ ಆ ಕತ್ತಲೆಯ ಬಿಂದುವಿನ ಆಸುಪಾಸಿನಲ್ಲಿ.

ಇದನ್ನು ಕಂಡುಹಿಡಿದವರು ಯಾರು?

1845ರಲ್ಲಿ ಮೈಕೆಲ್ ಫ್ಯಾರಡೆ ಕಾಂತಕ್ಷೇತ್ರದಲ್ಲಿಟ್ಟ ದಟ್ಟ ಗಾಜಿನ ಮೂಲಕ ಹಾಯ್ದ ಬೆಳಕು ತಿರುಗುವುದನ್ನು ಕಂಡಿದ್ದರು. ಅದು ಹಾಯ್ದು ಹೋಗುವ ಬೆಳಕಿನ ಮಾತಾಯಿತು. ಪ್ರತಿಫಲಿಸಿದ ಬೆಳಕಿನಲ್ಲೂ ಹೀಗಾಗುತ್ತದೆ ಎಂದು ತೋರಿಸಿದವರು ಸ್ಕಾಟ್ಲೆಂಡಿನ ಜಾನ್ ಕೆರ್. ವಿದ್ಯುತ್ಕಾಂತದ ಧ್ರುವವನ್ನೇ ಕನ್ನಡಿಯಂತೆ ಉಜ್ಜಿ ನುಣುಪು ಮಾಡಿ, ಅದರಿಂದ ಮರಳಿದ ಬೆಳಕನ್ನು ಪರೀಕ್ಷಿಸಿ 1877ರಲ್ಲಿ ಅವರು ಫಲಿತಾಂಶವನ್ನು ಪ್ರಕಟಿಸಿದರು. ಆಗ ಲೇಸರೂ ಇರಲಿಲ್ಲ, ಫೋಟೊಡಯೋಡೂ ಇರಲಿಲ್ಲ; ಒಂದು ದೀಪದ ಬೆಳಕು ಮತ್ತು ಬರಿಗಣ್ಣು, ಇಷ್ಟೇ ಇದ್ದದ್ದು. ನಮ್ಮಲ್ಲಿ ಉಪಕರಣ ಸಾಲದು ಎಂದು ಹಿಂಜರಿಯುವ ವಿದ್ಯಾರ್ಥಿಗಳಿಗೆ ನಾನು ಈ ಸಂಗತಿಯನ್ನು ಮೊದಲು ಹೇಳುತ್ತೇನೆ.

ಬೆಳಕಿನ ಸಮತಲ ತಿರುಗುವುದೇಕೆ? ಬೆಳಕಿನ ಕಾಂತಕ್ಷೇತ್ರಕ್ಕೂ ಪೊರೆಯ ಕಾಂತಕ್ಷೇತ್ರಕ್ಕೂ ಘರ್ಷಣೆಯಾಗುತ್ತದೆಯೇ?

ಇಲ್ಲ. ಬಹಳ ಜನ ಹಾಗೆ ತಿಳಿದು ಬರುತ್ತಾರಾದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು, ಬಲಕ್ಕೆ ಸುತ್ತುವ ಮತ್ತು ಎಡಕ್ಕೆ ಸುತ್ತುವ ಎರಡು ವೃತ್ತಾಕಾರದ ಕಂಪನಗಳ ಸಮಪಾಲಿನ ಕೂಡಿಕೆ ಎಂದು ನೋಡಬಹುದು. ಕಾಂತೀಕರಣವಿಲ್ಲದ ಲೋಹದಲ್ಲಿ ಈ ಎರಡಕ್ಕೂ ವಕ್ರೀಭವನ ಸೂಚ್ಯಂಕವೂ ಹೀರಿಕೆಯೂ ಒಂದೇ. ಕಾಂತೀಕರಣಗೊಂಡ ಲೋಹದಲ್ಲಿ ಅವೆರಡೂ ಕೊಂಚ ಬೇರೆಯಾಗುತ್ತವೆ. ಜೋಡೆತ್ತಿನ ಬಂಡಿಯಲ್ಲಿ ಎರಡೂ ಎತ್ತು ಸಮನಾಗಿ ಹೆಜ್ಜೆ ಹಾಕಿದರೆ ಬಂಡಿ ನೆಟ್ಟಗೆ ಸಾಗುತ್ತದೆ, ಒಂದು ಕೊಂಚ ಹಿಂದೆ ಬಿದ್ದರೆ ಬಂಡಿ ಆ ಕಡೆಗೆ ತಿರುಗುತ್ತದೆ. ಹಾಗೆಯೇ ಒಂದು ಕಂಪನ ಮತ್ತೊಂದಕ್ಕಿಂತ ಹಿಂದೆ ಬಿದ್ದಾಗ ಮರಳಿದ ಬೆಳಕಿನ ಸಮತಲ ತಿರುಗುತ್ತದೆ. ಒಂದು ಹೆಚ್ಚು ಹೀರಲ್ಪಟ್ಟು ಸೊರಗಿದರೆ, ಸರಳರೇಖೆಯ ಕಂಪನ ಅತಿ ಕಿರಿದಾದ ದೀರ್ಘವೃತ್ತವಾಗುತ್ತದೆ. ಮೊದಲನೆಯದು ಕೆರ್ ತಿರುವು, ಎರಡನೆಯದು ಕೆರ್ ಎಲಿಪ್ಟಿಸಿಟಿ.

ಈ ಭೇದ ಹುಟ್ಟುವುದು ಎಲೆಕ್ಟ್ರಾನುಗಳಿಂದ. ಪ್ರತಿ ಎಲೆಕ್ಟ್ರಾನೂ ಒಂದು ಪುಟ್ಟ ಕಾಂತದಂತೆ ವರ್ತಿಸುತ್ತದೆ; ಅದರ ಆ ಗುಣಕ್ಕೆ ಸ್ಪಿನ್ ಎಂದು ಹೆಸರು. ಕಬ್ಬಿಣದಂಥ ಫೆರೋಕಾಂತದಲ್ಲಿ ಮೇಲ್ಮುಖ ಮತ್ತು ಕೆಳಮುಖ ಸ್ಪಿನ್‌ನ ಎಲೆಕ್ಟ್ರಾನುಗಳ ಶಕ್ತಿಮಟ್ಟಗಳು ಬೇರೆಯಾಗಿರುತ್ತವೆ. ಆದರೆ ಬೆಳಕಿನ ವಿದ್ಯುತ್ ಕ್ಷೇತ್ರಕ್ಕೆ ಸ್ಪಿನ್ ನೇರವಾಗಿ ಕಾಣುವುದಿಲ್ಲ. ಅದು ಎಲೆಕ್ಟ್ರಾನಿನ ಚಲನೆಯನ್ನಷ್ಟೇ ತಟ್ಟಬಲ್ಲದು. ಸ್ಪಿನ್‌ಗೂ ಚಲನೆಗೂ ಗಂಟು ಹಾಕುವುದು ಸ್ಪಿನ್-ಆರ್ಬಿಟ್ ಬಂಧ. ಶಕ್ತಿಮಟ್ಟಗಳ ಆ ಭೇದವೂ ಈ ಬಂಧವೂ ಕೂಡಿದಾಗಲೇ ಕೆರ್ ಪರಿಣಾಮ ಕಾಣಿಸುತ್ತದೆ.

ತೆಳುಪೊರೆಗಳಿಗೆ ಈ ವಿಧಾನ ಇಷ್ಟು ಒಗ್ಗುವುದೇಕೆ?

ಕಣ್ಣಿಗೆ ಕಾಣುವ ಬೆಳಕು ಲೋಹದೊಳಗೆ ಇಳಿಯುವುದು ಸುಮಾರು 10ರಿಂದ 20 ನ್ಯಾನೋಮೀಟರ್ ಆಳಕ್ಕೆ ಮಾತ್ರ. ನಾವು ಅಧ್ಯಯನ ಮಾಡುವ ಪೊರೆಗಳ ದಪ್ಪವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 10 ನ್ಯಾನೋಮೀಟರ್ ಪೊರೆ ಅರ್ಧ ಮಿಲಿಮೀಟರ್ ದಪ್ಪದ ಸಿಲಿಕಾನ್ ಬಿಲ್ಲೆಯ ಮೇಲೆ ಕುಳಿತಿದ್ದರೆ, ಕೆಳಗಿನ ಬಿಲ್ಲೆ ಅದಕ್ಕಿಂತ 50,000 ಪಟ್ಟು ದಪ್ಪ. ಇಡೀ ಮಾದರಿಯ ಕಾಂತೀಯ ಮೊಮೆಂಟನ್ನು ಅಳೆಯುವ ಉಪಕರಣದಲ್ಲಿ ಸಿಲಿಕಾನಿನ ಪ್ರತಿಕಾಂತೀಯ ಕೊಡುಗೆಯೂ ಸೇರಿಕೊಂಡು, ಪೊರೆಯ ದನಿ ಅದರಲ್ಲಿ ಅಡಗಿಹೋಗಬಹುದು. ಬೆಳಕಾದರೋ ಮೇಲಿನ ಪೊರೆಯನ್ನಷ್ಟೇ ಮಾತನಾಡಿಸಿ ಮರಳುತ್ತದೆ. 1985ರಲ್ಲಿ ಮೂಗ್ ಮತ್ತು ಬೇಡರ್ ಚಿನ್ನದ ಹರಳಿನ ಮೇಲೆ ಬೆಳೆಸಿದ, ಅಣುಪದರಗಳ ಲೆಕ್ಕದಲ್ಲಿ ಎಣಿಸಬಹುದಾದ ಕಬ್ಬಿಣದ ಪೊರೆಯಿಂದ ಹೀಗೆಯೇ ಲೂಪ್ ಪಡೆದರು. ಮೇಲ್ಮೈ ಕಾಂತತ್ವದ ಅಧ್ಯಯನದಲ್ಲಿ ಈ ವಿಧಾನ ನೆಲೆಯೂರಿದ್ದು ಅಲ್ಲಿಂದ.

ಪೋಲಾರ್, ಲಾಂಜಿಟ್ಯೂಡಿನಲ್, ಟ್ರಾನ್ಸ್‌ವರ್ಸ್ ಎಂಬ ಮೂರು ಜೋಡಣೆಗಳಲ್ಲಿ ನಾವು ಯಾವುದನ್ನು ಆರಿಸಬೇಕು?

ಕಾಂತೀಕರಣ ಪೊರೆಗೆ ಲಂಬವಾಗಿದ್ದರೆ ಪೋಲಾರ್. ಅದು ಪೊರೆಯ ಸಮತಲದಲ್ಲೇ ಇದ್ದು, ಬೆಳಕು ಬಂದು ಹೋಗುವ ಸಮತಲಕ್ಕೂ ಸಮಾಂತರವಾಗಿದ್ದರೆ ಲಾಂಜಿಟ್ಯೂಡಿನಲ್. ಪೊರೆಯ ಸಮತಲದಲ್ಲಿದ್ದು ಬೆಳಕು ಬಂದು ಹೋಗುವ ಆ ಸಮತಲಕ್ಕೆ ಲಂಬವಾಗಿದ್ದರೆ ಟ್ರಾನ್ಸ್‌ವರ್ಸ್. ಇದರಲ್ಲಿ ತಿರುವು ಇರುವುದಿಲ್ಲ, ಪ್ರತಿಫಲಿಸಿದ ಬೆಳಕಿನ ತೀವ್ರತೆ ಮಾತ್ರ ಕೊಂಚ ಬದಲಾಗುತ್ತದೆ.

ಪೋಲಾರ್ ಸಂಕೇತ ದೊಡ್ಡದು. ಕಬ್ಬಿಣ, ಕೋಬಾಲ್ಟ್‌ಗಳಲ್ಲಿ ಅದು ಡಿಗ್ರಿಯ ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ಇರುತ್ತದೆ. ಲಾಂಜಿಟ್ಯೂಡಿನಲ್ ಸಂಕೇತ ಅದಕ್ಕಿಂತ ಎಷ್ಟೋ ಚಿಕ್ಕದು, ಡಿಗ್ರಿಯ ನೂರನೆಯ ಕೆಲವು ಭಾಗ. ಹಾಗಿದ್ದರೂ ಹೊಸಬರಿಗೆ ನಾನು ಲಾಂಜಿಟ್ಯೂಡಿನಲ್ ಜೋಡಣೆಯನ್ನೇ ಹೇಳುತ್ತೇನೆ. ಸಾಮಾನ್ಯ ಕಬ್ಬಿಣದ ಪೊರೆಯ ಕಾಂತೀಕರಣ ಸಮತಲದಲ್ಲೇ ಮಲಗಿರಲು ಬಯಸುತ್ತದೆ. ಅದನ್ನು ಎಬ್ಬಿಸಿ ಲಂಬವಾಗಿ ನಿಲ್ಲಿಸಲು 2 ಟೆಸ್ಲಾಗಿಂತ ಹೆಚ್ಚಿನ ಕ್ಷೇತ್ರ ಬೇಕು. ಸಮತಲದೊಳಗೆ ತಿರುಗಿಸುವುದಾದರೆ, ಉದಾಹರಣೆಗೆ ಪರ್ಮಲಾಯ್ ಎಂಬ ನಿಕ್ಕಲ್-ಕಬ್ಬಿಣದ ಮಿಶ್ರಲೋಹದ ಪೊರೆಗೆ, ಕೆಲವೇ ಅರ್ಸ್ಟೆಡ್ (ಒಂದು ಅರ್ಸ್ಟೆಡ್ ಎಂದರೆ ಟೆಸ್ಲಾದ ಹತ್ತು ಸಾವಿರದ ಒಂದು ಭಾಗ) ಸಾಕಾಗುತ್ತದೆ. ಕೋಬಾಲ್ಟ್-ಪ್ಲಾಟಿನಂ ಬಹುಪದರಗಳಂತೆ ಕಾಂತೀಕರಣ ತಾನಾಗಿ ಲಂಬವಾಗಿ ನಿಲ್ಲುವ ಮಾದರಿಗಳಿದ್ದರೆ ಪೋಲಾರ್ ಜೋಡಣೆಗೆ ಹೋಗಿರಿ.

ಡಿಗ್ರಿಯ ನೂರನೆಯ ಒಂದು ಭಾಗದ ತಿರುವನ್ನು ಅಳೆಯುವುದು ಹೇಗೆ ಸಾಧ್ಯ?

ಇಡೀ ವಿಧಾನದ ಜೀವಾಳ ಇರುವುದು ಇಲ್ಲಿ. ಈ ಲೆಕ್ಕವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆ ಕೈಯಾರೆ ಮಾಡಬೇಕು ಎಂಬುದು ನನ್ನ ಆಗ್ರಹ. ಮ್ಯಾಲಸ್ ನಿಯಮದ ಪ್ರಕಾರ, ಕತ್ತಲೆಯ ಬಿಂದುವಿನಿಂದ ವಿಶ್ಲೇಷಕವನ್ನು ಎಷ್ಟು ಕೋನ ಸರಿಸುತ್ತೇವೆಯೋ ಅದರ ಸೈನ್ ವರ್ಗಕ್ಕೆ ಅನುಗುಣವಾಗಿ ಬೆಳಕು ದಾಟುತ್ತದೆ. ಸರಿಸಿದ ಕೋನ ಚಿಕ್ಕದಿದ್ದಾಗ, ಕೆರ್ ತಿರುವಿನಿಂದ ಬೆಳಕಿನಲ್ಲಾಗುವ ಸಾಪೇಕ್ಷ ಬದಲಾವಣೆ ಎಂದರೆ ತಿರುವಿನ ಎರಡರಷ್ಟನ್ನು ಸರಿಸಿದ ಕೋನದಿಂದ ಭಾಗಿಸಿದ್ದು. ವಿಶ್ಲೇಷಕವನ್ನು 1 ಡಿಗ್ರಿ ಸರಿಸಿದ್ದೇವೆ, ಕೆರ್ ತಿರುವು 0.01 ಡಿಗ್ರಿ ಇದೆ ಎಂದುಕೊಳ್ಳಿ. ಆಗ ಬೆಳಕು ಶೇ. 2ರಷ್ಟು ಬದಲಾಗುತ್ತದೆ, ಕಾಂತೀಕರಣ ಒಂದು ದಿಕ್ಕಿನಿಂದ ಎದುರು ದಿಕ್ಕಿಗೆ ಹೊರಳಿದರೆ ಶೇ. 4. ಅದೇ ವಿಶ್ಲೇಷಕವನ್ನು 45 ಡಿಗ್ರಿಯಲ್ಲಿಟ್ಟು ಅಳೆದರೆ ಈ ಬದಲಾವಣೆ ಶೇ. 0.07ಕ್ಕೆ ಇಳಿದು, ಲೇಸರಿನ ಏರಿಳಿತದಲ್ಲಿ ಕಳೆದುಹೋಗುತ್ತದೆ.

ಹಾಗಾದರೆ ಪೂರ್ತಿ ಕತ್ತಲೆಯ ಬಿಂದುವಿನಲ್ಲೇ ಅಳೆಯಬಾರದೇಕೆ ಎಂದು ಚುರುಕಾದ ವಿದ್ಯಾರ್ಥಿ ಕೇಳುತ್ತಾನೆ. ಅಲ್ಲಿ ದಾಟುವ ಬೆಳಕು ತಿರುವಿನ ವರ್ಗವನ್ನು ಅವಲಂಬಿಸುತ್ತದೆ. ಎಡ ತಿರುವಿಗೂ ಬಲ ತಿರುವಿಗೂ ಒಂದೇ ಉತ್ತರ ಬಂದು, ದಿಕ್ಕಿನ ಸುಳಿವೇ ಅಳಿಸಿಹೋಗುತ್ತದೆ. ಜೊತೆಗೆ ಧ್ರುವಕಗಳ ದೋಷದಿಂದ ಸೋರುವ ಬೆಳಕೂ, ಡಿಟೆಕ್ಟರಿನ ಗದ್ದಲವೂ ಅಲ್ಲಿ ಮೇಲುಗೈ ಸಾಧಿಸುತ್ತವೆ. ಆದ್ದರಿಂದ 1ರಿಂದ 2 ಡಿಗ್ರಿಯ ನಡುವೆ ಎಲ್ಲೋ ಒಂದು ಕಡೆ ಪ್ರತಿಯೊಂದು ಸೆಟಪ್‌ಗೂ ಅದರದೇ ಒಳ್ಳೆಯ ಜಾಗ ಇರುತ್ತದೆ. ಅದನ್ನು ಹುಡುಕಿಕೊಳ್ಳಲು ಒಂದು ಮಧ್ಯಾಹ್ನ ಪೂರ್ತಿ ಹೋದರೂ ಅದು ವ್ಯರ್ಥವಲ್ಲ.

ಇನ್ನೂ ಸೂಕ್ಷ್ಮವಾದ ಅಳತೆ ಬೇಕಾದವರು ಫೋಟೊಎಲಾಸ್ಟಿಕ್ ಮಾಡ್ಯುಲೇಟರ್ ಬಳಸುತ್ತಾರೆ. ಅದು ಬೆಳಕಿನ ಧ್ರುವೀಕರಣವನ್ನು ಸೆಕೆಂಡಿಗೆ ಸುಮಾರು 50,000 ಸಲ ಆಚೀಚೆ ಬದಲಿಸುತ್ತದೆ; ಲಾಕ್-ಇನ್ ಆಂಪ್ಲಿಫೈಯರ್ ಆ ಆವೃತ್ತಿಯಲ್ಲಿ ಎಲಿಪ್ಟಿಸಿಟಿಯನ್ನೂ, ಅದರ ಎರಡರಷ್ಟು ಆವೃತ್ತಿಯಲ್ಲಿ ತಿರುವನ್ನೂ ಆರಿಸಿ ಕೊಡುತ್ತದೆ.

ನಮ್ಮ ಊರಿನ ಕಾಲೇಜಿನಲ್ಲಿ ಇಂಥ ಸೆಟಪ್ ಕಟ್ಟಬಹುದೇ?

ಖಂಡಿತ ಕಟ್ಟಬಹುದು. ಒಂದು ಹೀಲಿಯಂ-ನಿಯಾನ್ ಲೇಸರ್, ಎರಡು ಒಳ್ಳೆಯ ಧ್ರುವಕ, ಒಂದು ಫೋಟೊಡಯೋಡ್, ಕೆಲವು ನೂರು ಅರ್ಸ್ಟೆಡ್ ಕೊಡುವ ವಿದ್ಯುತ್ಕಾಂತ, ಒಂದು ಗೌಸ್ ಮೀಟರ್, ಇವಿಷ್ಟು ಇದ್ದರೆ ಪರ್ಮಲಾಯ್ ಅಥವಾ ಕಬ್ಬಿಣದ ಪೊರೆಯ ಲೂಪ್ ಕಾಣುತ್ತದೆ. ಹಣ ಕಡಿಮೆ ಇದ್ದರೆ ಉಳಿದೆಲ್ಲದರಲ್ಲಿ ಉಳಿಸಿ ಧ್ರುವಕಗಳಿಗೆ ಖರ್ಚು ಮಾಡಿರಿ.

ಲೇಸರನ್ನು ಕೊಳ್ಳುವಾಗ ಒಂದು ಎಚ್ಚರಿಕೆ ಇರಲಿ. ‘ರ‍್ಯಾಂಡಮ್ ಪೋಲರೈಸ್ಡ್’ ಎಂದು ಮಾರುವ ಹೀಲಿಯಂ-ನಿಯಾನ್ ಲೇಸರಿನ ಮುಂದೆ ಧ್ರುವಕ ಇಟ್ಟರಾಯಿತು ಎಂದು ತೋರಬಹುದು. ಆದರೆ ಅದರೊಳಗಿನ ಮೋಡ್‌ಗಳು ಒಂದಕ್ಕೊಂದು ಲಂಬವಾಗಿ ಧ್ರುವೀಕೃತವಾಗಿದ್ದು, ಕೊಳವೆ ಬಿಸಿಯಾದಂತೆ ಸರದಿಯಂತೆ ಏರಿ ಇಳಿಯುತ್ತವೆ; ಧ್ರುವಕದ ಆಚೆ ಬೆಳಕು ಉಬ್ಬರವಿಳಿತದಂತೆ ತೂಗಾಡುತ್ತದೆ. ಮೊದಲಿನಿಂದಲೇ ಧ್ರುವೀಕೃತ ಬೆಳಕನ್ನು ಕೊಡುವ ಲೇಸರನ್ನೇ ತರಿಸಿ, ಅಳತೆಗೆ ಅರ್ಧ ಗಂಟೆ ಮೊದಲು ಹಚ್ಚಿಡಿ.

ಸಂಕೇತವನ್ನು ಕಂಪ್ಯೂಟರಿಗೆ ಸೇರಿಸಲು 10 ಬಿಟ್‌ನ ಅಗ್ಗದ ಬೋರ್ಡ್ ಬಳಸಿದರೆ ಒಟ್ಟು 1024 ಮೆಟ್ಟಿಲು ಸಿಗುತ್ತವೆ. ಶೇ. 4ರ ಬದಲಾವಣೆ ಎಂದರೆ ಹೆಚ್ಚೆಂದರೆ 40 ಮೆಟ್ಟಿಲು. ಲೂಪ್ ಇದೆಯೋ ಇಲ್ಲವೋ ಎಂದು ತಿಳಿಯಲು ಇದು ಸಾಕು, ಅದರ ಆಕಾರದ ಬಗ್ಗೆ ಮಾತನಾಡಲು ಸಾಲದು. 16 ಬಿಟ್ ಇರಲಿ.

ಕಂಪನ ತಡೆಯುವ ಆಪ್ಟಿಕಲ್ ಟೇಬಲ್ ಇಲ್ಲದ ಕಾಲದಲ್ಲಿ ನಾವು ದಪ್ಪನೆಯ ಕಡಪಾ ಕಲ್ಲಿನ ಹಾಸನ್ನು, ಅರೆಬರೆ ಗಾಳಿ ತುಂಬಿದ ನಾಲ್ಕು ಸ್ಕೂಟರ್ ಟ್ಯೂಬುಗಳ ಮೇಲೆ ಇಟ್ಟು ಕೆಲಸ ಮಾಡಿದ್ದೇವೆ. ಅದು ನೆಲಮಹಡಿಯಲ್ಲಿರಲಿ. ಅಳತೆಯ ಹೊತ್ತಿಗೆ ಫ್ಯಾನ್ ನಿಲ್ಲಿಸಿರಿ. ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುವುದರಿಂದ ಅದನ್ನೂ ಆರಿಸಿ, ಡಿಟೆಕ್ಟರಿಗೆ ಕಪ್ಪು ಬಟ್ಟೆಯ ಮುಸುಕು ಹಾಕಿರಿ. ಧಾರವಾಡದ ಮಳೆಗಾಲದ ಜಿಟಿಜಿಟಿ ವಾರಗಟ್ಟಲೆ ಬಿಡದೆ ಹಿಡಿದಾಗ ಲೆನ್ಸ್, ಧ್ರುವಕಗಳಿಗೆ ಬೂಷ್ಟು ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಅವುಗಳನ್ನು ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿ ಇಡುವ ರೂಢಿಯನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಬೇಕು.

ಗಾಜಿನ ಸ್ಲೈಡ್ ಮೇಲಿನ ಪೊರೆಯಿಂದ ಎರಡು ಕೆಂಪು ಚುಕ್ಕೆಗಳು ಬರುತ್ತವೆ. ಯಾವುದು ನಮ್ಮದು?

ಪೊರೆ ತೀರ ತೆಳುವಾಗಿದ್ದರೆ ಕೊಂಚ ಬೆಳಕು ಅದನ್ನು ದಾಟಿ, ಗಾಜಿನ ಹಿಂಬದಿಯಿಂದಲೂ ಮರಳುತ್ತದೆ. ಪ್ರಖರವಾದದ್ದು ಸಾಮಾನ್ಯವಾಗಿ ಪೊರೆಯದು. ಸಂಶಯವಿದ್ದರೆ ಗಾಜಿನ ಹಿಂಬದಿಗೆ ಕಪ್ಪು ಪೇಂಟ್ ಹಚ್ಚಿರಿ. ಮಂಕಾಗುವ ಚುಕ್ಕೆ ಹಿಂಬದಿಯದು. ಅದನ್ನು ಐರಿಸ್‌ನಿಂದ, ಅಂದರೆ ಕಿರಿದು ಮಾಡಬಹುದಾದ ತೂತಿನ ತಡೆಯಿಂದ, ತಡೆಯಿರಿ.

ಪರದೆಯ ಮೇಲೆ ಲೂಪ್ ಬಂದಿದೆ. ಅದು ನಿಜವಾದದ್ದೆಂದು ಹೇಗೆ ನಂಬಬೇಕು?

ಈ ಪ್ರಶ್ನೆಯನ್ನು ಕೇಳುವ ವಿದ್ಯಾರ್ಥಿಯನ್ನು ಕಂಡರೆ ನನಗೆ ಬಹಳ ಸಂತೋಷವಾಗುತ್ತದೆ, ಏಕೆಂದರೆ ಒಮ್ಮೆ ನಾವೇ ಇದನ್ನು ಕೇಳಿಕೊಳ್ಳದೆ ತಪ್ಪಿದ್ದೆವು. ಗದಗ ಕಡೆಯ ವಿದ್ಯಾರ್ಥಿಯೊಬ್ಬ ಹೊತ್ತು ಮುಳುಗುವ ವೇಳೆಗೆ ಓಡಿ ಬಂದು “ಸರ್, ಲೂಪ್ ಬಂತ್ರೀ!” ಎಂದ. ನೋಡಿದರೆ ಬಾಯಿ ತೆರೆದ, ಅಂದವಾದ ಲೂಪ್. ಎರಡು ದಿನ ಅದನ್ನೇ ಮತ್ತೆ ಮತ್ತೆ ಅಳೆದೆವು. ಮೂರನೆಯ ದಿನ, ಹೋಲಿಕೆಗೆಂದು ಮಾದರಿಯನ್ನು ತೆಗೆದು ಬರೀ ಅಲ್ಯೂಮಿನಿಯಂ ಕನ್ನಡಿಯನ್ನು ಇಟ್ಟಾಗಲೂ ಅದೇ ಲೂಪ್ ಬಂತು. ಹುಡುಕುತ್ತ ಹೋದಾಗ ಸಿಕ್ಕದ್ದು, ಮಾದರಿಯನ್ನು ಹಿಡಿಯುವ ಹೋಲ್ಡರಿನಲ್ಲಿದ್ದ ಒಂದು ಉಕ್ಕಿನ ಸ್ಕ್ರೂ. ಕ್ಷೇತ್ರ ಏರಿದಂತೆ ವಿದ್ಯುತ್ಕಾಂತ ಆ ಸ್ಕ್ರೂವನ್ನು ಸೆಳೆದು, ಹೋಲ್ಡರ್ ಕೂದಲೆಳೆಯಷ್ಟು ವಾಲಿ, ಕಿರಣ ಫೋಟೊಡಯೋಡಿನ ಮೇಲೆ ಸರಿಯುತ್ತಿತ್ತು. ನಾವು ಕಂಡದ್ದು ಆ ಸ್ಕ್ರೂವಿನ ಹಿಸ್ಟರಿಸಿಸ್, ಅಂದರೆ ಅದರ ಕಾಂತೀಕರಣ ಕ್ಷೇತ್ರದ ಹಿಂದೆ ಬಿದ್ದು ಮೂಡಿಸುವ ಲೂಪ್. ಅಂದಿನಿಂದ ಹುಬ್ಬಳ್ಳಿಯ ಅಂಗಡಿಯಿಂದ ತಂದ ಹಿತ್ತಾಳೆ ಸ್ಕ್ರೂಗಳನ್ನೂ ಒಂದೊಂದಾಗಿ ಆಯಸ್ಕಾಂತಕ್ಕೆ ಹಿಡಿದು ನೋಡಿಯೇ ಬಳಸುತ್ತೇವೆ. ಹಿತ್ತಾಳೆಯ ಬಣ್ಣದ ಲೇಪ ಬಳಿದ ಉಕ್ಕೂ ಇರುತ್ತದೆ.

ಇದಕ್ಕಿಂತ ಸುಲಭದ ಪರೀಕ್ಷೆಯೊಂದಿದೆ. ವಿಶ್ಲೇಷಕವನ್ನು ಕತ್ತಲೆಯ ಬಿಂದುವಿನ ಒಂದು ಬದಿಯಲ್ಲಿ 1 ಡಿಗ್ರಿ ಇಟ್ಟು ಅಳೆಯಿರಿ, ಆಮೇಲೆ ಇನ್ನೊಂದು ಬದಿಯಲ್ಲಿ 1 ಡಿಗ್ರಿ ಇಟ್ಟು ಅಳೆಯಿರಿ. ನಿಜವಾದ ಕೆರ್ ತಿರುವಾದರೆ ಲೂಪ್ ತಲೆಕೆಳಗಾಗಬೇಕು. ಮಾದರಿ ಅಲುಗಾಡಿ ಬಂದ ಸಂಕೇತವಾದರೆ ಅದು ಹಾಗೆಯೇ ಉಳಿಯುತ್ತದೆ. ಈ ಎರಡು ಅಳತೆಗಳಿಲ್ಲದ ಲೂಪನ್ನು ನಮ್ಮಲ್ಲಿ ಯಾರೂ ವರದಿಗೆ ಸೇರಿಸುವಂತಿಲ್ಲ.

ಲೂಪಿನ ತುದಿಗಳು ಮಟ್ಟಸವಾಗದೆ ಓರೆಯಾಗಿ ಏರುತ್ತಲೇ ಹೋದರೆ, ಕಿರಣದ ದಾರಿಯ ಲೆನ್ಸೊಂದು ಕಾಂತಕ್ಷೇತ್ರದೊಳಗೆ ಸಿಕ್ಕಿ ಅದರಲ್ಲಿ ಫ್ಯಾರಡೆ ತಿರುವು ಸೇರುತ್ತಿರಬಹುದು. ಲೆನ್ಸನ್ನು ದೂರ ಸರಿಸಿ ನೋಡಿರಿ.

ಲೂಪಿನಿಂದ ಏನನ್ನು ಓದಬಹುದು, ಏನನ್ನು ಓದಬಾರದು?

ಕಾಂತೀಕರಣ ಹೊರಳುವ ಕ್ಷೇತ್ರವನ್ನು, ಅಂದರೆ ಕೊಅರ್ಸಿವಿಟಿಯನ್ನು, ಓದಬಹುದು. ಕ್ಷೇತ್ರ ತೆಗೆದ ಮೇಲೆ ಕಾಂತೀಕರಣದ ಎಷ್ಟು ಪಾಲು ಉಳಿಯುತ್ತದೆ ಎಂದು ಹೇಳಬಹುದು. ಮಾದರಿಯನ್ನು ಹತ್ತು ಹತ್ತು ಡಿಗ್ರಿ ತಿರುಗಿಸುತ್ತ ಅಳೆದರೆ, ಕಾಂತೀಕರಣ ಯಾವ ದಿಕ್ಕಿಗೆ ಸುಲಭವಾಗಿ ಒಲಿಯುತ್ತದೆ, ಯಾವುದಕ್ಕೆ ಹಟ ಮಾಡುತ್ತದೆ ಎಂಬುದು ಸ್ಪಷ್ಟವಾಗುತ್ತದೆ: ಸುಲಭದ ದಿಕ್ಕಿನಲ್ಲಿ ಲೂಪ್ ಚೌಕಾಕಾರ, ಕಠಿಣ ದಿಕ್ಕಿನಲ್ಲಿ ಓರೆಯಾದ ಗೆರೆ.

ಆದರೆ ಘನ ಸೆಂಟಿಮೀಟರಿಗೆ ಇಷ್ಟು ಕಾಂತೀಕರಣ ಎಂಬ ಲೆಕ್ಕವನ್ನು ಲೂಪಿನ ಎತ್ತರದಿಂದ ಹೇಳಲಾಗದು. ಆ ಎತ್ತರದಲ್ಲಿ ಪೊರೆಯ ವಸ್ತು, ದಪ್ಪ, ಬೆಳಕಿನ ತರಂಗಾಂತರ, ಪತನ ಕೋನ, ಮೇಲಿನ ರಕ್ಷಣಾ ಪದರ ಎಲ್ಲವೂ ಸೇರಿಕೊಂಡಿರುತ್ತವೆ. ಒಂದು ಪೊರೆಯ ಲೂಪ್ ಮತ್ತೊಂದರದಕ್ಕಿಂತ ಎರಡು ಪಟ್ಟು ಎತ್ತರ ಇದ್ದ ಮಾತ್ರಕ್ಕೆ ಅದರ ಕಾಂತೀಕರಣ ಎರಡು ಪಟ್ಟು ಎಂದು ಬರೆಯುವುದು ನಾನು ಅತಿ ಹೆಚ್ಚು ಸಲ ತಿದ್ದಿದ ತಪ್ಪು. ಆ ಸಂಖ್ಯೆ ಬೇಕಾದರೆ ಇಡೀ ಮಾದರಿಯ ಕಾಂತೀಯ ಮೊಮೆಂಟನ್ನು ಅಳೆಯುವ ವೈಬ್ರೇಟಿಂಗ್ ಸ್ಯಾಂಪಲ್ ಮ್ಯಾಗ್ನೆಟೋಮೀಟರ್ ಅಥವಾ ಸ್ಕ್ವಿಡ್ ಬೇಕು. 100 ನ್ಯಾನೋಮೀಟರ್ ದಪ್ಪದ ಪೊರೆಯಲ್ಲಿ ಕೆಳಭಾಗದ ವರ್ತನೆ ಬೆಳಕಿಗೆ ಕಾಣುವುದೇ ಇಲ್ಲ ಎಂಬುದೂ ನೆನಪಿರಲಿ.

ಕಾಂತೀಯ ಡೊಮೇನ್‌ಗಳನ್ನು ಕಣ್ಣಾರೆ ನೋಡಬಹುದೇ?

ನೋಡಬಹುದು. ಡಿಟೆಕ್ಟರಿನ ಜಾಗದಲ್ಲಿ ಸೂಕ್ಷ್ಮದರ್ಶಕ ಮತ್ತು ಕ್ಯಾಮೆರಾ ಇಟ್ಟರೆ, ಬೇರೆ ಬೇರೆ ದಿಕ್ಕಿಗೆ ಕಾಂತೀಕರಣಗೊಂಡ ಪ್ರದೇಶಗಳು ಕಪ್ಪು ಬಿಳುಪಾಗಿ ಕಾಣುತ್ತವೆ. ವಿಲಿಯಮ್ಸ್, ಫಾಸ್ಟರ್ ಮತ್ತು ವುಡ್ 1951ರಲ್ಲಿ ಕೋಬಾಲ್ಟ್ ಮೇಲೆ ಡೊಮೇನ್‌ಗಳನ್ನು ಹೀಗೆ ಕಂಡರು. ವ್ಯತ್ಯಾಸ ಎಷ್ಟು ಮಸುಕೆಂದರೆ, ಮೊದಲು ಪೂರ್ತಿ ಕಾಂತೀಕರಣಗೊಂಡ ಸ್ಥಿತಿಯ ಚಿತ್ರ ತೆಗೆದು ಮುಂದಿನ ಪ್ರತಿ ಚಿತ್ರದಿಂದಲೂ ಅದನ್ನು ಕಳೆಯಬೇಕಾಗುತ್ತದೆ. ಕಳೆದ ಕೂಡಲೇ ಪೊರೆಯ ಗೀರು, ಧೂಳು ಎಲ್ಲ ಮಾಯವಾಗಿ, ಬೂದು ಬಣ್ಣದ ನಡುವೆ ಒಂದು ಕಪ್ಪು ಮಚ್ಚೆ ಹುಟ್ಟಿ, ನೀರಿನ ಮೇಲೆ ಬಿದ್ದ ಎಣ್ಣೆಯ ಹನಿಯಂತೆ ಹಬ್ಬುತ್ತ ಹೋಗುತ್ತದೆ. ಪೊರೆಯ ದೋಷವೊಂದಕ್ಕೆ ತಾಗಿದಾಗ ಅದರ ಅಂಚು ಅಲ್ಲಿ ತಡೆದು ನಿಂತು, ಕ್ಷೇತ್ರ ಇನ್ನೊಂದಿಷ್ಟು ಏರಿದ ಮೇಲೆ ಥಟ್ಟನೆ ಹಾರಿ ಮುಂದೆ ಹೋಗುತ್ತದೆ. ಬೆಳಕಿನ ತರಂಗಾಂತರದ ಮಿತಿಯಿಂದಾಗಿ ಸುಮಾರು 300 ನ್ಯಾನೋಮೀಟರ್‌ಗಿಂತ ಚಿಕ್ಕ ವಿವರಗಳು ಮಾತ್ರ ಇದರಲ್ಲಿ ಬಿಡಿಬಿಡಿಯಾಗಿ ಕಾಣುವುದಿಲ್ಲ.

ಲೇಸರಿನಿಂದ ಅಪಾಯವಿಲ್ಲವೇ?

ಇದೆ. ಕೆಲವೇ ಮಿಲಿವಾಟ್ ಆದರೂ ಕಿರಣ ನೇರವಾಗಿ ಕಣ್ಣಿಗೆ ಬೀಳಬಾರದು. ಪೊರೆಯೇ ಕನ್ನಡಿಯಾದ್ದರಿಂದ ಮರಳಿದ ಕಿರಣವೂ ಅಷ್ಟೇ ಅಪಾಯಕಾರಿ. ಕುಳಿತಾಗ ನಿಮ್ಮ ಕಣ್ಣು ಇರುವ ಎತ್ತರದಲ್ಲಿ ಕಿರಣ ಹಾಯದಂತೆ ಜೋಡಿಸಿರಿ. ಕೈಗಡಿಯಾರ, ಉಂಗುರ ತೆಗೆದಿಟ್ಟು ಕೆಲಸಕ್ಕೆ ಕೂಡಿರಿ.

ಇದರಿಂದ ಹೊರಜಗತ್ತಿಗೆ ಏನು ಪ್ರಯೋಜನವಾಗಿದೆ?

1992ರಲ್ಲಿ ಬಂದ ಸೋನಿ ಮಿನಿಡಿಸ್ಕ್‌ನ ರೆಕಾರ್ಡ್ ಮಾಡಬಹುದಾದ ಬಿಲ್ಲೆಗಳಲ್ಲಿ, ಟರ್ಬಿಯಂ-ಕಬ್ಬಿಣ-ಕೋಬಾಲ್ಟ್ ಬಗೆಯ ಪೊರೆಯನ್ನು ಲೇಸರಿನಿಂದ ಬಿಸಿ ಮಾಡಿ ಬರೆಯುತ್ತಿದ್ದರು, ಪೋಲಾರ್ ಕೆರ್ ತಿರುವಿನಿಂದ ಓದುತ್ತಿದ್ದರು. ಇಂದು ಕಾಂತೀಯ ಮೆಮೊರಿ ಚಿಪ್‌ಗಳಿಗೆ ಬೇಕಾದ ಕೋಬಾಲ್ಟ್-ಕಬ್ಬಿಣ-ಬೋರಾನ್ ಪೊರೆಗಳ ಕಾಂತೀಕರಣ ಲಂಬವಾಗಿ ನಿಂತಿದೆಯೇ ಎಂದು ಬಿಲ್ಲೆಯನ್ನು ಕತ್ತರಿಸದೆ ಪರೀಕ್ಷಿಸಲು ಇದೇ ವಿಧಾನ ಬಳಕೆಯಾಗುತ್ತದೆ. ಮೂಲ ವಿಜ್ಞಾನದಲ್ಲಂತೂ ಇದರ ಕೊಡುಗೆ ದೊಡ್ಡದು. 1996ರಲ್ಲಿ ಬೊರೆಪೇರ್ ಮತ್ತು ಸಂಗಡಿಗರು ನಿಕ್ಕಲ್ ಪೊರೆಯ ಮೇಲೆ ಅತಿ ಕಿರಿದಾದ ಲೇಸರ್ ಮಿಡಿತವನ್ನು ಬಿಟ್ಟು, ಅದರ ಕಾಂತೀಕರಣ ಒಂದು ಪಿಕೋಸೆಕೆಂಡಿನೊಳಗೇ (ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗ) ಕುಸಿಯುವುದನ್ನು ಕೆರ್ ಪರಿಣಾಮದ ಮೂಲಕವೇ ತೋರಿಸಿದರು. 2017ರಲ್ಲಿ ಒಂದೇ ಪದರ ದಪ್ಪದ ಕ್ರೋಮಿಯಂ ಟ್ರೈಅಯೊಡೈಡ್ ಸುಮಾರು 45 ಕೆಲ್ವಿನ್‌ಗಿಂತ ಕೆಳಗೆ ಫೆರೋಕಾಂತವಾಗಿರುತ್ತದೆ ಎಂದು ಸಾಬೀತಾದದ್ದೂ ಇದೇ ಬೆಳಕಿನ ತಿರುವಿನಿಂದ. ಅಷ್ಟು ಚಿಕ್ಕ ಚೂರನ್ನು ತೂಗಿ ಅಳೆಯಬಲ್ಲ ಮ್ಯಾಗ್ನೆಟೋಮೀಟರ್ ಸಿಗುವುದು ಕಷ್ಟ.

ನೋಟ್‌ಬುಕ್ಕಿನಲ್ಲಿ ಏನೇನು ಬರೆದಿಡಬೇಕು?

ಲೇಸರಿನ ತರಂಗಾಂತರ, ಪತನ ಕೋನ, ಬೀಳುವ ಬೆಳಕಿನ ಧ್ರುವೀಕರಣ, ವಿಶ್ಲೇಷಕವನ್ನು ಸರಿಸಿದ ಕೋನ ಮತ್ತು ಬದಿ, ಎಷ್ಟು ಲೂಪ್‌ಗಳ ಸರಾಸರಿ, ಕ್ಷೇತ್ರವನ್ನು ಏರಿಸಿದ ವೇಗ. ಈ ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಬೇಗ ಏರಿಸಿದರೆ ಕೊಅರ್ಸಿವಿಟಿ ಹೆಚ್ಚಾಗಿ ಕಾಣುವುದರಿಂದ, ವೇಗ ಬರೆಯದ ಸಂಖ್ಯೆಯನ್ನು ಮತ್ತೊಬ್ಬರ ಸಂಖ್ಯೆಯೊಂದಿಗೆ ಹೋಲಿಸಲಾಗದು. ಮಾದರಿಯನ್ನು ಹೋಲ್ಡರಿಗೆ ಅಂಟಿಸುವ ಮೊದಲೇ ಅದರ ಒಂದು ಮೂಲೆಯಲ್ಲಿ ವಜ್ರದ ಮೊನೆಯಿಂದ ಸಣ್ಣ ಗೀರು ಎಳೆದು, ಆ ಗೀರು ಕ್ಷೇತ್ರಕ್ಕೆ ಯಾವ ಕೋನದಲ್ಲಿತ್ತು ಎಂದು ಚಿತ್ರ ಬರೆದಿಡಿ. ಆರು ತಿಂಗಳ ಮೇಲೆ ಅದೇ ಚೂರನ್ನು ಮತ್ತೆ ಅಳೆಯಬೇಕಾದಾಗ ಅದರ ಸುಲಭದ ದಿಕ್ಕು ಯಾವುದೆಂದು ತಿಳಿಯಲು ಆ ಗೀರೊಂದೇ ಉಳಿದಿರುತ್ತದೆ.